ಉಳಿದ ಟೋಪಿ, ಮರೆತ ವೋಟು: ಒಂದು ಕನ್ನಡ ತರಗತಿಗೆ ಬಂದ ಡೇವಿ ಕ್ರಾಕೆಟ್

ಹಿನ್ನೆಲೆ

ಈ ಪ್ರಕರಣ ನಡೆದದ್ದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ವಾರಕ್ಕೊಮ್ಮೆ ಸೇರುವ ಒಂದು ಕನ್ನಡ ತರಗತಿಯಲ್ಲಿ. ಮಕ್ಕಳ ಹೆಸರು, ಊರು, ವರ್ಷ, ತರಗತಿ ನಡೆಯುವ ಜಾಗ ಇವನ್ನೆಲ್ಲ ಬೇಕೆಂದೇ ಬಿಟ್ಟಿದ್ದೇನೆ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿಯೂ ಇದ್ದೇನೆ. ಆದರೆ ಪಾಠ ಹೇಳುವವಳಾಗಿ ನಾನು ತೆಗೆದುಕೊಂಡ ನಿರ್ಧಾರಗಳನ್ನೂ ಅವುಗಳಲ್ಲಿ ಎಡವಿದ್ದನ್ನೂ ಇದ್ದ ಹಾಗೆಯೇ ಬರೆದಿದ್ದೇನೆ, ಏಕೆಂದರೆ ಇಂಥ ತರಗತಿಗಳನ್ನು ನಡೆಸುವ ಬೇರೆಯವರ ಉಪಯೋಗಕ್ಕೆ ಬರುವುದು ಅದೇ.

ತರಗತಿಯಲ್ಲಿ 11 ಮಕ್ಕಳಿದ್ದರು. ಎಲ್ಲರೂ 10ರಿಂದ 12 ವರ್ಷದವರು, ಅಮೆರಿಕದಲ್ಲೇ ಹುಟ್ಟಿದವರು. ಮನೆಯ ಕನ್ನಡ ಅವರಿಗೆ ಚೆನ್ನಾಗಿ ಅರ್ಥವಾಗುತ್ತದೆ, ಮಾತು ಸುಮಾರಾಗಿ ಬರುತ್ತದೆ, ಒತ್ತಕ್ಷರಗಳು ಒಟ್ಟೊಟ್ಟಿಗೆ ಬಂದರೆ ಓದು ನಿಧಾನವಾಗುತ್ತದೆ. ವರ್ಷದ ಕೊನೆಯಲ್ಲಿ ಪ್ರತಿಯೊಂದು ಮಗುವೂ ಇತಿಹಾಸದ ಒಬ್ಬ ವ್ಯಕ್ತಿಯ ಬಗ್ಗೆ ಕನ್ನಡದಲ್ಲಿ ಒಂದು ಪುಟ ಬರೆದು ಎಲ್ಲರ ಮುಂದೆ ಓದಬೇಕು ಎಂಬುದು ನಮ್ಮಲ್ಲಿ ನಡೆದುಕೊಂಡು ಬಂದ ಪದ್ಧತಿ. ಆ ವರ್ಷ ಒಬ್ಬ ಹುಡುಗ 19ನೆಯ ಶತಮಾನದ ಅಮೆರಿಕದ ಹೆಸರಾಂತ ಬೇಟೆಗಾರ ಡೇವಿ ಕ್ರಾಕೆಟ್‌ನನ್ನು ಆರಿಸಿಕೊಂಡ. ಅವನ ವಾರದ ಶಾಲೆಯಲ್ಲಿ ಮಕ್ಕಳು ಚಾರಿತ್ರಿಕ ವ್ಯಕ್ತಿಗಳ ವೇಷ ಹಾಕಿ ಮೇಣದ ಬೊಂಬೆಗಳಂತೆ ನಿಂತು, ಯಾರಾದರೂ ಎದುರಿಗೆ ಬಂದಾಗ ತಮ್ಮ ಕಥೆ ಹೇಳುವ ಒಂದು ದಿನವಿತ್ತು. ಅಂದು ಅವನು ಬಾಲವಿರುವ ರಕೂನ್ ತೊಗಲಿನ ಟೋಪಿ ಹಾಕಿ ಕ್ರಾಕೆಟ್ ಆಗಿದ್ದ. ಆ ಟೋಪಿಯ ಮೇಲೆ ಅವನಿಗೆ ಬಹಳ ಪ್ರೀತಿ.

ನಮ್ಮ ಮಕ್ಕಳೆಲ್ಲ ಕ್ರಾಕೆಟ್ ಹೆಸರನ್ನು ಮೊದಲು ಕೇಳಿದ್ದು ಪುಸ್ತಕದಲ್ಲಲ್ಲ, ಅನಹೈಮ್‌ನ ಡಿಸ್ನಿಲ್ಯಾಂಡಿನಲ್ಲಿ. ಅಲ್ಲಿಯ ನದಿಯಲ್ಲಿ ಅವನ ಹೆಸರಿನ ಉದ್ದನೆಯ ದೋಣಿಗಳಿವೆ. ಅವು ಹಳಿಯ ಮೇಲೆ ಓಡುವಂಥವಲ್ಲ. ಹತ್ತಿದವರೇ ಹುಟ್ಟು ಹಾಕಬೇಕು. ಅದೇ ಕಾರಣಕ್ಕೆ ಮಕ್ಕಳಿಗೆ ಅವು ಇಷ್ಟ. ಈ ಉದ್ಯಾನಕ್ಕೂ ಕ್ರಾಕೆಟ್‌ನಿಗೂ ಇರುವ ನಂಟು ಮೇಲುನೋಟಕ್ಕೆ ಕಾಣುವುದಕ್ಕಿಂತ ಹಳೆಯದು. ಉದ್ಯಾನ ಕಟ್ಟಲು ಹಣ ಹೊಂದಿಸುವ ಏರ್ಪಾಡಿನ ಭಾಗವಾಗಿ 1954ರ ಅಕ್ಟೋಬರಿನಲ್ಲಿ ಎಬಿಸಿ ವಾಹಿನಿಯಲ್ಲಿ ವಾಲ್ಟ್ ಡಿಸ್ನಿಯ ವಾರದ ಕಾರ್ಯಕ್ರಮ ಆರಂಭವಾಯಿತು. ಅದರಲ್ಲಿ 1954ರ ಡಿಸೆಂಬರ್ 15ರಿಂದ 1955ರ ಫೆಬ್ರವರಿ 23ರವರೆಗೆ ಬಂದ ಕ್ರಾಕೆಟ್‌ನ ಮೂರು ಕಂತುಗಳು ದೇಶದ ಮಕ್ಕಳನ್ನೆಲ್ಲ ಮರುಳು ಮಾಡಿದವು. ಮೂರನೆಯ ಕಂತಿನಲ್ಲೇ ನಾಯಕ ಸತ್ತುಹೋಗಿದ್ದರಿಂದ, ಬೇಡಿಕೆ ತಣಿಸಲು ಅದೇ ವರ್ಷದ ಕೊನೆಯಲ್ಲಿ ಅವನ ಹಿಂದಿನ ದಿನಗಳ ಕಥೆಯೆಂದು ಇನ್ನೆರಡು ಕಂತುಗಳನ್ನು ತಯಾರಿಸಬೇಕಾಯಿತು. 1955ರ ಜುಲೈ 17ರಂದು ಉದ್ಯಾನ ತೆರೆದಾಗ ಕ್ರಾಕೆಟ್‌ನ ಪಾತ್ರ ಮಾಡಿದ ಫೆಸ್ ಪಾರ್ಕರ್ ಆ ವೇಷದಲ್ಲೇ ಬಂದು ಜನರೆದುರು ನಿಂತ. ಹೀಗೆ, 119 ವರ್ಷಗಳ ಹಿಂದೆ ಸತ್ತಿದ್ದ ಒಬ್ಬ ಜನಪ್ರತಿನಿಧಿ ಒಂದು ಮನರಂಜನಾ ಉದ್ಯಾನದ ನಿವಾಸಿಯಾದ.

ಜನಪ್ರತಿನಿಧಿ ಎಂಬ ಮಾತನ್ನು ಒತ್ತಿ ಹೇಳಬೇಕಾಗಿದೆ. ಟೆನೆಸಿಯ ಪೂರ್ವಭಾಗದಲ್ಲಿ 1786ರಲ್ಲಿ ಹುಟ್ಟಿದ ಡೇವಿಡ್ ಕ್ರಾಕೆಟ್ ಬೇಟೆಗಾರನೂ ಸೈನಿಕನೂ ಆಗಿದ್ದದ್ದು ನಿಜವೇ. ಆದರೆ 1821ರಿಂದ ಅವನು ತನ್ನ ರಾಜ್ಯದ ಶಾಸನಸಭೆಯ ಸದಸ್ಯ. 1827ರಲ್ಲಿ, 1829ರಲ್ಲಿ, ಮತ್ತೆ 1833ರಲ್ಲಿ ಅಮೆರಿಕದ ಪ್ರತಿನಿಧಿ ಸಭೆಗೆ ಗೆದ್ದವನು. ಪಟ್ಟಾ ಇಲ್ಲದೆ ಕಾಡು ಕಡಿದು ಉಳುತ್ತಿದ್ದ ಬಡವರಿಗೆ ಆ ಭೂಮಿಯನ್ನು ಕೊಡಿಸಬೇಕೆಂದು ವರ್ಷಗಟ್ಟಲೆ ಹೆಣಗಿ ಸೋತವನು. 1835ರ ಚುನಾವಣೆಯಲ್ಲಿ ಸೋತ ಮೇಲೆ ಟೆಕ್ಸಸ್‌ಗೆ ಹೋಗಿ, 1836ರ ಮಾರ್ಚ್ 6ರಂದು, ಮೆಕ್ಸಿಕೋದ ಸೈನ್ಯ ಮುತ್ತಿದ್ದ ಅಲಾಮೋ ಕೋಟೆಯಲ್ಲಿ ತನ್ನ 49ನೆಯ ವಯಸ್ಸಿನಲ್ಲಿ ಸತ್ತವನು.

ಸಮಸ್ಯೆ

ಹುಡುಗ ತಂದ ಮೊದಲ ಬರಹದಲ್ಲಿ ಒಂಬತ್ತು ವಾಕ್ಯಗಳಿದ್ದವು. ಅವುಗಳಲ್ಲಿ ನಾಲ್ಕು ಇವು: "ಡೇವಿ ಕ್ರಾಕೆಟ್ ಬೆಟ್ಟದ ತುದಿಯಲ್ಲಿ ಹುಟ್ಟಿದರು. ಮೂರು ವರ್ಷ ಇದ್ದಾಗ ಕರಡಿ ಕೊಂದರು. ಮೈಕ್ ಫಿಂಕ್ ಜೊತೆ ದೋಣಿ ಪಂದ್ಯ ಗೆದ್ದರು. ಅವರು ಇಂಡಿಯನ್ ಜನರಿಗೆ ದೋಣಿ ನಡೆಸಲು ಕಲಿಸಿದರು."

ಮೊದಲ ಎರಡು ವಾಕ್ಯಗಳು ಟಿವಿ ಕಂತುಗಳ ಜೊತೆಗೆ ಬಂದ ಹಾಡಿನವು. ಮೂರನೆಯದು 1955ರ ನವೆಂಬರಿನ ಕಂತಿನದು. ಮೈಕ್ ಫಿಂಕ್ ಎಂಬ ದೋಣಿಗಾರ ನಿಜವಾಗಿ ಇದ್ದವನೇ, ಆದರೆ ಆ ಪಂದ್ಯ ಕಥೆಗಾಗಿ ಹುಟ್ಟಿದ್ದು. ನಾಲ್ಕನೆಯದನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ದೋಣಿಗೆ ಕ್ರಾಕೆಟ್‌ನ ಹೆಸರಿದೆ ಎಂದ ಮೇಲೆ ದೋಣಿಯ ವಿದ್ಯೆಯೂ ಅವನದೇ ಆಗಿರಬೇಕು ಎಂದು ಹುಡುಗ ತಾನೇ ತರ್ಕ ಮಾಡಿದ್ದ. ಆ ವಾಕ್ಯವನ್ನು ಓದಿದಾಗ ನನಗೆ ಸಂಕಟವಾಯಿತು. ಸಾವಿರಾರು ವರ್ಷಗಳಿಂದ ಅಮೆರಿಕದ ಮೂಲನಿವಾಸಿಗಳು, ಅಂದರೆ ಹುಡುಗ "ಇಂಡಿಯನ್" ಎಂದು ಕರೆದವರು, ಮರದಲ್ಲೂ ತೊಗಟೆಯಲ್ಲೂ ಕಟ್ಟುತ್ತ ಬಂದ ದೋಣಿಯನ್ನು ಒಂದು ಮಗು, ಯಾವ ಕೆಟ್ಟ ಉದ್ದೇಶವೂ ಇಲ್ಲದೆ, ಒಂದು ನಾಮಫಲಕ ನೋಡಿ ಅವರಿಂದ ಕಿತ್ತು ಬೇರೊಬ್ಬರಿಗೆ ಕೊಟ್ಟುಬಿಟ್ಟಿತ್ತು.

ಅಷ್ಟರಲ್ಲಿ ಮತ್ತೊಂದು ತುದಿಯಿಂದ ಸಮಸ್ಯೆ ಎದ್ದಿತು. ಹುಡುಗ ಓದಿ ಮುಗಿಸುತ್ತಲೇ ಒಬ್ಬಳು ಹುಡುಗಿ, "ಅವನು ನಿಜವಾದ ಮನುಷ್ಯನೇ ಅಲ್ಲ ಆಂಟಿ, ಟಾಮ್ ಸಾಯರ್ ಥರ ಕಥೆಯವನು" ಎಂದಳು. ಕೈ ಎತ್ತಿಸಿದೆ. ಆರು ಮಕ್ಕಳು ಕಥೆಯವನು ಎಂದರು, ನಾಲ್ವರು ನಿಜವಾಗಿ ಇದ್ದವನು ಎಂದರು, ಒಬ್ಬನು ಕೈ ಎತ್ತಲಿಲ್ಲ. ಹುಡುಗಿಯ ತರ್ಕದಲ್ಲೂ ದೋಷವಿರಲಿಲ್ಲ: ಅದೇ ನದಿಯ ನಡುವಿನ ದ್ವೀಪಕ್ಕೆ ಟಾಮ್ ಸಾಯರ್‌ನ ಹೆಸರಿದೆ, ದಡದ ಮೇಲೆ ದೆವ್ವದ ಮನೆಯಿದೆ, ಅದರಾಚೆ ಕಡಲ್ಗಳ್ಳರಿದ್ದಾರೆ, ಅವರ ನಡುವೆ ಇರುವ ಕ್ರಾಕೆಟ್ ಮಾತ್ರ ಹೇಗೆ ನಿಜವಾದಾನು? ಒಂದೇ ಉದ್ಯಾನ ಒಂದೇ ಮನುಷ್ಯನ ಬಗ್ಗೆ ಎರಡು ವಿರುದ್ಧ ತಪ್ಪುಗಳನ್ನು ಹುಟ್ಟಿಸಿತ್ತು. ಒಬ್ಬರಿಗೆ ಐತಿಹ್ಯವೆಲ್ಲ ಇತಿಹಾಸವಾಗಿತ್ತು, ಇನ್ನೊಬ್ಬರಿಗೆ ಇತಿಹಾಸವೇ ಕಥೆಯಾಗಿತ್ತು.

ಮೊದಲ ಪ್ರಯತ್ನ ಮತ್ತು ಅದರ ಸೋಲು

ನಾನು ಮಾಡಿದ್ದು ಎಲ್ಲರೂ ಮಾಡುವಂಥದ್ದೇ. ಮುಂದಿನ ವಾರ ಒಂದು ಹಾಳೆ ತಂದೆ. ಎಡಕ್ಕೆ "ನಿಜ", ಬಲಕ್ಕೆ "ಸುಳ್ಳು". ಹುಡುಗನ ವಾಕ್ಯಗಳ ಜೊತೆ ನಾನೇ ಬರೆದ ಕೆಲವನ್ನು ಸೇರಿಸಿ, ಮಕ್ಕಳು ಒಂದೊಂದಾಗಿ ಎರಡು ಕಂಬಗಳಿಗೆ ಹಂಚಬೇಕೆಂದು ಹೇಳಿದೆ. ಹತ್ತು ನಿಮಿಷದಲ್ಲಿ ಅದು ಆಟವಾಯಿತು. ಹುಡುಗನ ವಾಕ್ಯ ಬಂದಾಗಲೆಲ್ಲ ಉಳಿದವರು ಒಕ್ಕೊರಲಿನಿಂದ "ಸುಳ್ಳು" ಎಂದು ಕೂಗಿದರು. ಅವನು ತಲೆ ತಗ್ಗಿಸಿ ಕೂತ. ಕೊನೆಗೆ ಅವನು ಕೇಳಿದ್ದು ಒಂದೇ ಪ್ರಶ್ನೆ: "ಅಂದ್ರೆ ನನ್ನ ಟೋಪಿ ಕೂಡ ಸುಳ್ಳಾ ಆಂಟಿ?"

ಆ ಪ್ರಶ್ನೆಗೆ ನನ್ನ ಹಾಳೆಯಲ್ಲಿ ಜಾಗವಿರಲಿಲ್ಲ. ಅಂಥ ಟೋಪಿ ಆ ಕಾಲದ ಕಾಡಿನಂಚಿನ ಜನರಲ್ಲಿ ಇತ್ತು. ಆದರೆ ಕ್ರಾಕೆಟ್‌ನ ತಲೆಗೆ ಅದು ಅಂಟಿಕೊಂಡದ್ದು 1831ರಲ್ಲಿ ರಂಗಕ್ಕೆ ಬಂದ ಒಂದು ನಾಟಕದಿಂದ. ಅದರಲ್ಲಿ ಜಂಬ ಕೊಚ್ಚುವ, ಕಾಡುಪ್ರಾಣಿಯ ತೊಗಲಿನ ಟೋಪಿಯ ಒಬ್ಬ ಪ್ರತಿನಿಧಿಯ ಪಾತ್ರವಿತ್ತು, ಅದು ಕ್ರಾಕೆಟ್‌ನನ್ನೇ ಕುರಿತದ್ದೆಂದು ಊರಿಗೆಲ್ಲ ಗೊತ್ತಿತ್ತು, ಕ್ರಾಕೆಟ್ ತಾನೇ ಹೋಗಿ ಆ ನಾಟಕವನ್ನು ನೋಡಿದ. 1834ರಲ್ಲಿ ಚಿತ್ರಕಾರ ಜಾನ್ ಗ್ಯಾಡ್ಸ್‌ಬಿ ಚ್ಯಾಪ್‌ಮನ್ ಬರೆದ ಆಳೆತ್ತರದ ಚಿತ್ರದಲ್ಲಿ ಅವನ ಕೈಯಲ್ಲಿರುವುದು ಅಗಲ ಅಂಚಿನ ಸಾಮಾನ್ಯ ಹ್ಯಾಟು. ಹಾಗಾದರೆ ತೊಗಲಿನ ಟೋಪಿ ಯಾವ ಕಂಬಕ್ಕೆ? ಕರಡಿಗಳ ವಿಷಯದಲ್ಲೂ ಇದೇ ತೊಡಕು. ಮೂರನೆಯ ವಯಸ್ಸಿನ ಕರಡಿ ಸುಳ್ಳು ಎಂದು ಹೇಳುವುದು ಸುಲಭ. ಆದರೆ ಒಂದು ವರ್ಷಕ್ಕಿಂತ ಕಡಿಮೆ ಅವಧಿಯಲ್ಲಿ 105 ಕರಡಿ ಕೊಂದೆನೆಂದು 1834ರ ತನ್ನ ಆತ್ಮಕಥೆಯಲ್ಲಿ ಬರೆದವನು ಕ್ರಾಕೆಟ್‌ನೇ, ಮತ್ತು ಆ ಪುಸ್ತಕ ಒಬ್ಬ ರಾಜಕಾರಣಿ ಜನರ ಮನ ಗೆಲ್ಲಲು ಬರೆದದ್ದು.

ಅದರ ಮುಂದಿನ ವಾರ ಹುಡುಗ ಬರಲಿಲ್ಲ. ಬೇರೆ ವ್ಯಕ್ತಿಯನ್ನು ಆರಿಸಿಕೊಳ್ಳಬಹುದೇ ಎಂದು ಅವನ ತಾಯಿ ಸಂದೇಶ ಕಳಿಸಿ ಕೇಳಿದರು. ತಪ್ಪನ್ನು ತಿದ್ದಲು ಹೋಗಿ ನಾನು ಒಂದು ಮಗುವಿನ ಕುತೂಹಲವನ್ನೇ ಹಿಸುಕಿಬಿಟ್ಟಿದ್ದೆ. ಬೇರೆಯವರು ಈ ಪ್ರಕರಣದಿಂದ ಒಂದೇ ಎಚ್ಚರಿಕೆ ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಲಿ: ಮಗು ಪ್ರೀತಿಸಿದ್ದನ್ನು ತುಂಬಿದ ತರಗತಿಯ ಮುಂದೆ ಸುಳ್ಳಿನ ಕಂಬಕ್ಕೆ ಹಾಕಬಾರದು.

ಅಜ್ಜಿಯ ಮಾತು

ಹುಡುಗನ ಅಜ್ಜಿ ಆಗ ಆರು ತಿಂಗಳ ಮಟ್ಟಿಗೆ ಮಗಳ ಮನೆಗೆ ಬಂದಿದ್ದರು. ಬಾಗಲಕೋಟೆ ಕಡೆಯವರು. ಮೊಮ್ಮಗನನ್ನು ಕರೆತಂದು ಕೋಣೆಯ ಹಿಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. "ನಿಜ–ಸುಳ್ಳು" ಆಟವನ್ನೂ ನೋಡಿದ್ದರು. ನಾನು ಅವರ ಮನೆಗೆ ಹೋಗಿ ಹುಡುಗನೊಡನೆ ಮಾತನಾಡಲು ಯತ್ನಿಸುತ್ತಿದ್ದಾಗ ಅವರು ನಡುವೆ ಬಾಯಿ ಹಾಕಿದರು. "ನಮ್ಮ ಕಡೆ ಹಲಗಲಿ ಬೇಡರ ಲಾವಣಿ ಹಾಡ್ತಾರ್ರಿ. ಅದರಾಗ ಹೇಳಿದ್ದೆಲ್ಲಾ ಹಂಗ ಆಗಿತ್ತೇನು ಅಂತ ಯಾರೂ ಕೇಳಂಗಿಲ್ಲ. ಆದ್ರ ಸುಳ್ಳು ಅಂತನೂ ಯಾರೂ ಅನ್ನಂಗಿಲ್ಲ. ಹಾಡಿದವರು ಯಾರು, ಯಾವಾಗ ಹಾಡಿದ್ರು ಅನ್ನೂದು ನೋಡಬೇಕ್ರಿ."

ಹಲಗಲಿಯ ಬೇಡರು ಆಯುಧ ಒಪ್ಪಿಸಬೇಕೆಂಬ ಬ್ರಿಟಿಷರ ಆಜ್ಞೆಯನ್ನು ಧಿಕ್ಕರಿಸಿ 1857ರಲ್ಲಿ ದಂಗೆಯೆದ್ದದ್ದು ದಾಖಲೆಯಲ್ಲಿರುವ ಸಂಗತಿ. ಲಾವಣಿ ಆ ಸಂಗತಿಯ ಮೇಲೆ ಜನರು ಕಟ್ಟಿದ ಇನ್ನೊಂದು ಪದರ. ಕನ್ನಡದಲ್ಲಿ ಆ ಪದರಕ್ಕೆ ಬಹಳ ಕಾಲದಿಂದಲೂ ಒಂದು ಹೆಸರಿದೆ: ಐತಿಹ್ಯ. "ಹೀಗಂತೆ" ಎಂಬ ಅರ್ಥದ "ಇತಿಹ" ಎಂಬುದರಿಂದ ಬಂದ ಮಾತು. ಇತಿಹಾಸವೂ ಅದೇ ಬೇರಿನದು. ಈ ಪದ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ತರಗತಿಗೆ ಹೋಗುವಾಗ ನಾನು ಅದನ್ನು ಮನೆಯಲ್ಲೇ ಬಿಟ್ಟು, ಎರಡೇ ಖಾನೆಗಳಿರುವ ಹಾಳೆಯನ್ನು ಹಿಡಿದು ಹೋಗಿದ್ದೆ. ಅಜ್ಜಿ ಹೇಳಿದ "ಯಾರು, ಯಾವಾಗ" ಎಂಬ ಎರಡು ಮಾತುಗಳಿಂದ ಮುಂದಿನ ಪಾಠ ರೂಪುಗೊಂಡಿತು.

ಎರಡನೆಯ ಪ್ರಯತ್ನ: ಗೋಡೆಯ ಮೇಲಿನ ಕಾಗದ

ಉದ್ದನೆಯ ಕಾಗದದ ಸುರುಳಿಯನ್ನು ಗೋಡೆಯುದ್ದಕ್ಕೂ ಅಂಟಿಸಿ 1786ರಿಂದ ಇಂದಿನವರೆಗೆ ವರ್ಷಗಳ ಗೆರೆ ಎಳೆದೆವು. ಪ್ರತಿ ಮಗುವಿಗೂ ಒಂದೊಂದು ವರ್ಷ ಹಂಚಿದೆವು. ನಿಯಮ ಒಂದೇ: ಚೀಟಿಯಲ್ಲಿ ಬರೆದ ಒಂದು ಸಂಗತಿಯನ್ನು ಅದು ನಡೆಯಿತೆಂದು ಹೇಳುವ ವರ್ಷದ ಕೆಳಗೆ ಅಂಟಿಸಕೂಡದು, ಅದನ್ನು ನಮಗೆ ತಿಳಿದಂತೆ ಮೊದಲು ಹೇಳಿದ ವರ್ಷದ ಕೆಳಗೆ ಅಂಟಿಸಬೇಕು, ಹೇಳಿದವರು ಯಾರೆಂದೂ ಬರೆಯಬೇಕು.

ಹೀಗಾಗಿ ಮೂರು ವರ್ಷದ ಮಗು ಕೊಂದ ಕರಡಿ 1789ಕ್ಕೆ ಹೋಗದೆ, ಹಾಡು ಬಂದ ಕಾಲಕ್ಕೆ, ಅಂದರೆ 1950ರ ದಶಕದ ನಡುಭಾಗಕ್ಕೆ ಹೋಯಿತು. 105 ಕರಡಿಗಳು 1834ಕ್ಕೆ. ತೊಗಲಿನ ಟೋಪಿ 1831ಕ್ಕೆ, ನಾಟಕದ ಕೆಳಗೆ. ಕ್ರಾಕೆಟ್ ಸಾಯುವ ಹಿಂದಿನ ವರ್ಷದಿಂದಲೇ ಅವನ ಹೆಸರಿನಲ್ಲಿ ಪಂಚಾಂಗದಂಥ ಅಗ್ಗದ ಪುಸ್ತಿಕೆಗಳು ಅಚ್ಚಾಗತೊಡಗಿದ್ದವು. ಅಳತೆ ಮೀರಿದ ಸಾಹಸಗಳೆಲ್ಲ ಅಲ್ಲಿ ಸೇರಿದವು. ಮಕ್ಕಳು ಹಿಂದೆ ಸರಿದು ನಿಂತು ನೋಡಿದಾಗ ಅವರಿಗೆ ಕಂಡದ್ದನ್ನು ನಾನು ವಿವರಿಸಬೇಕಾಗಲಿಲ್ಲ. ಅವನು ಬದುಕಿದ ಮೊದಲ 40 ವರ್ಷಗಳು ಹೆಚ್ಚುಕಡಿಮೆ ಖಾಲಿ. 1830ರ ದಶಕದಲ್ಲಿ ಚೀಟಿಗಳ ಒಂದು ಗುಂಪು. ಆಮೇಲೆ ದೊಡ್ಡ ಬಯಲು. 1954ರಿಂದ 1956ರವರೆಗೆ ಮತ್ತೊಂದು ಗುಂಪು, ಮೊದಲನೆಯದಕ್ಕಿಂತ ದಟ್ಟವಾದದ್ದು.

ಹುಡುಗ ಆ ವಾರ ಮರಳಿ ಬಂದಿದ್ದ. ಟೋಪಿಯ ಚೀಟಿಯನ್ನು ಅವನಿಂದಲೇ ಬರೆಸಿದೆ. ಈಗ ಅದು ಸುಳ್ಳಾಗಿರಲಿಲ್ಲ. ಅದಕ್ಕೊಂದು ಹುಟ್ಟಿದ ವರ್ಷವಿತ್ತು, ಹುಟ್ಟಿಸಿದವರಿದ್ದರು. ಅವನ ಮುಖದಲ್ಲಿ ಆದ ಬದಲಾವಣೆಯನ್ನು ಕಂಡು ನನಗೆ ನೆಮ್ಮದಿಯಾಯಿತು.

ನಿಜವಾದ ತಿರುವು ಬಂದದ್ದು 1830ರ ಚೀಟಿಯಿಂದ. ಆ ವರ್ಷವನ್ನು ನಾನು, ಕ್ರಾಕೆಟ್ ಇರಲೇ ಇಲ್ಲವೆಂದ ಹುಡುಗಿಗೆ ಕೊಟ್ಟಿದ್ದೆ. ಅವಳು ಗ್ರಂಥಾಲಯದಿಂದ ಹುಡುಕಿ ತಂದು ಓದಿದಳು. ಮೂಲನಿವಾಸಿಗಳನ್ನು ಅವರ ನೆಲದಿಂದ ಎಬ್ಬಿಸಿ ಮಿಸಿಸಿಪಿ ನದಿಯ ಪಶ್ಚಿಮಕ್ಕೆ ಕಳಿಸುವ ಮಸೂದೆ, ಅಧ್ಯಕ್ಷ ಆಂಡ್ರ್ಯೂ ಜ್ಯಾಕ್ಸನ್‌ರ ಮಸೂದೆ, ಪ್ರತಿನಿಧಿ ಸಭೆಯಲ್ಲಿ 102ಕ್ಕೆ 97 ಮತಗಳಿಂದ ಅಂಗೀಕಾರವಾಯಿತು. ಜ್ಯಾಕ್ಸನ್ ಟೆನೆಸಿಯವರು. ಕ್ರಾಕೆಟ್ ಅವರ ಸೈನ್ಯದಲ್ಲಿ ಕೆಲಸ ಮಾಡಿದವನು. ಅವನ ಅಜ್ಜ, ಅಜ್ಜಿ ಅವನು ಹುಟ್ಟುವ ಮೊದಲೇ ಮೂಲನಿವಾಸಿಗಳ ದಾಳಿಯಲ್ಲಿ ಸತ್ತಿದ್ದರು. ಆದರೂ ಟೆನೆಸಿಯ ಪ್ರತಿನಿಧಿಗಳಲ್ಲಿ ಮಸೂದೆಯ ವಿರುದ್ಧ ಮತ ಹಾಕಿದವನು ಅವನೊಬ್ಬನೇ, ಮತ್ತು ಅದು ಅನ್ಯಾಯದ ಕಾನೂನೆಂದು ನಾಲ್ಕು ವರ್ಷಗಳ ನಂತರ ತನ್ನ ಪುಸ್ತಕದಲ್ಲಿ ಬರೆದ. ಮುಂದಿನ ಚುನಾವಣೆಯಲ್ಲಿ ಸೋತ. ಆ ಕಾನೂನಿನ ಫಲವಾಗಿ 1838ರಲ್ಲಿ ಚೆರೋಕಿ ಜನರು ನಡೆದ ಹಾದಿಯಲ್ಲಿ ಸಾವಿರಾರು ಮಂದಿ ಸತ್ತರು.

ಓದಿ ಮುಗಿಸಿ ಹುಡುಗಿ ಕೇಳಿದಳು: "ಪಾರ್ಕ್‌ನಲ್ಲಿ ಇದು ಎಲ್ಲಿದೆ?"

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನನಗೇ ಹೊಸದಾದ ಒಂದು ಸಂಗತಿ ಕಂಡಿತು. ಟಿವಿಯವರು ಆ ವೋಟನ್ನು ಮರೆತಿರಲಿಲ್ಲ. 1955ರ ಜನವರಿ 26ರ ಎರಡನೆಯ ಕಂತು ಕ್ರಾಕೆಟ್ ರಾಜಕೀಯಕ್ಕೆ ಬಂದ ಕಥೆಯದ್ದೇ. ಅದರ ಕೊನೆಯಲ್ಲಿ ಅವನು ಸಭೆಗೆ ನುಗ್ಗಿ ಬಂದು ಮಸೂದೆಯ ವಿರುದ್ಧ ಭಾಷಣ ಮಾಡುತ್ತಾನೆ. ಅದು ಕಳೆದುಹೋದದ್ದು ಕಥೆ ಪರದೆಯಿಂದ ನೆಲಕ್ಕಿಳಿದಾಗ. ಉದ್ಯಾನಕ್ಕೆ ಬಂದದ್ದು ಟೋಪಿ, ಬಂದೂಕು, ಮೈಕ್ ಫಿಂಕ್‌ನ ದೋಣಿಗಳು, ಕೋಟೆ. 1956ರಲ್ಲಿ ತೆರೆದ ಟಾಮ್ ಸಾಯರ್ ದ್ವೀಪದ ಮರದ ಕೋಟೆಯಲ್ಲಿ ಕ್ರಾಕೆಟ್‌ನ ಬೊಂಬೆಯನ್ನೂ ಜ್ಯಾಕ್ಸನ್‌ರ ಬೊಂಬೆಯನ್ನೂ ಒಂದೇ ಕೋಣೆಯಲ್ಲಿ ಇಟ್ಟಿದ್ದರು, ಸೇನಾಪತಿ ಮತ್ತು ಅವನ ನಂಬಿಕೆಯ ಭಟನಂತೆ. ಇಬ್ಬರೂ ಬೇರೆ ಬೇರೆ ದಾರಿ ಹಿಡಿದ ಗಳಿಗೆ ಆ ಕೋಣೆಯಲ್ಲಿರಲಿಲ್ಲ. ಇದನ್ನು ಯಾರೋ ಕೂತು ಸಂಚು ಮಾಡಿ ಅಳಿಸಿದರೆಂದು ನಾನು ಭಾವಿಸುವುದಿಲ್ಲ. ಉದ್ಯಾನದ ಐತಿಹ್ಯ ಕೈಗೆ ಸಿಗುವ, ತಲೆಗೆ ಹಾಕಿಕೊಳ್ಳುವ, ಹತ್ತಿ ಕೂರುವ ವಸ್ತುಗಳಿಂದ ಆಗುತ್ತದೆ. ವೋಟಿಗೆ ಅಂಥ ಆಕಾರವಿಲ್ಲ. ಟೋಪಿ ಉಳಿದದ್ದೂ ವೋಟು ಮರೆತದ್ದೂ ಇದರಿಂದಲೇ ಎಂಬುದು ನನ್ನ ಅಭಿಪ್ರಾಯ.

1971ರ ಚೀಟಿ ಇದಕ್ಕಿಂತ ಕಹಿಯಾಗಿತ್ತು. ಮಕ್ಕಳಿಗೆ ಇಷ್ಟವಾದ ಆ ದೋಣಿಗಳು 1956ರ ಜುಲೈ 4ರಂದು ಶುರುವಾದಾಗ ಅವುಗಳ ಹೆಸರು "ಇಂಡಿಯನ್ ಯುದ್ಧದೋಣಿಗಳು". ಪಕ್ಕದಲ್ಲೇ ಮೂಲನಿವಾಸಿಗಳ ಹಳ್ಳಿಯೊಂದನ್ನು ಕಟ್ಟಿದ್ದರು, ದೋಣಿ ನಡೆಸುತ್ತಿದ್ದವರೂ ಮೂಲನಿವಾಸಿಗಳು. 1971ರಲ್ಲಿ ಹಳ್ಳಿಯನ್ನು ಮುಚ್ಚಿದರು, ದೋಣಿಗಳಿಗೆ ಡೇವಿ ಕ್ರಾಕೆಟ್‌ನ ಹೆಸರಿಟ್ಟರು. "ಯುದ್ಧದೋಣಿ" ಎಂಬ ಹಳೆಯ ಹೆಸರು ಗೌರವದ್ದೇನೂ ಆಗಿರಲಿಲ್ಲ, ಅದನ್ನು ಬದಲಿಸಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಮೂಲನಿವಾಸಿಗಳನ್ನು ಅವರ ಜಾಗದಿಂದ ಎಬ್ಬಿಸಬಾರದೆಂದು ವೋಟು ಹಾಕಿ ಸೋತ ಮನುಷ್ಯನ ಹೆಸರೇ, ಅವರ ಹಳ್ಳಿ ತೆರವಾದ ವರ್ಷ ಅವರ ದೋಣಿಗಳ ಮೇಲೆ ಬಂದು ಕೂತಿತು.

ಇದನ್ನು ನಾನು ಮಕ್ಕಳಿಗೆ ಹೇಳಲಿಲ್ಲ. 1830ರ ಚೀಟಿಯನ್ನೂ 1971ರ ಚೀಟಿಯನ್ನೂ ಕಾಗದದಲ್ಲಿ ಅವುಗಳ ಜಾಗದಲ್ಲಿ ಬಿಟ್ಟು ಸುಮ್ಮನಿದ್ದೆ. ಆ ಮೌನ ನನ್ನ ನಿರ್ಧಾರ, ಮತ್ತು ಇಡೀ ಪ್ರಕರಣದಲ್ಲಿ ನಾನು ಸರಿಯಾಗಿ ಮಾಡಿದ ಕೆಲಸವೆಂದರೆ ಅದು. ತರಗತಿ ಮುಗಿದು ಎಲ್ಲರೂ ಶೂ ಹಾಕಿಕೊಳ್ಳುತ್ತಿದ್ದಾಗ ಹುಡುಗ ತನ್ನ ಹಳೆಯ ಬರಹವನ್ನು ತೆಗೆದು, "ಅವರು ಇಂಡಿಯನ್ ಜನರಿಗೆ ದೋಣಿ ನಡೆಸಲು ಕಲಿಸಿದರು" ಎಂಬ ವಾಕ್ಯವನ್ನು ಪೆನ್ಸಿಲ್ಲಿನಿಂದ ಹೊಡೆದುಹಾಕಿದ. ಅದರ ಮೇಲೆ ಬರೆದ: "ದೋಣಿ ಅವರದ್ದು. ಹೆಸರು ಇವರದ್ದು."

ಮಡಿಸಿದ ಚೀಟಿ

ಎಲ್ಲ ಚೀಟಿಗಳೂ ಇಷ್ಟು ಸಲೀಸಾಗಿ ಅಂಟಲಿಲ್ಲ. 1834ರ ವರ್ಷ ಸಿಕ್ಕ ಇನ್ನೊಬ್ಬ ಹುಡುಗಿ ತನ್ನ ತಂದೆಯ ಜೊತೆ ಕೂತು ಕ್ರಾಕೆಟ್‌ನ ಆತ್ಮಕಥೆಯ ಭಾಗಗಳನ್ನು ಓದಿದಳು. 1813ರ ನವೆಂಬರಿನಲ್ಲಿ ಟ್ಯಾಲುಶ್ಯಾಚಿ ಎಂಬ, ಕ್ರೀಕ್ ಎಂಬ ಮೂಲನಿವಾಸಿ ಜನರ ಹಳ್ಳಿಯ ಮೇಲೆ ನಡೆದ ದಾಳಿಯ ವರ್ಣನೆ ಅದರಲ್ಲಿದೆ. ಒಂದು ಮನೆಯೊಳಗೆ ಸೇರಿಕೊಂಡ 46 ಯೋಧರನ್ನು ಮನೆಯ ಸಮೇತ ಸುಟ್ಟದ್ದನ್ನು, ಮರುದಿನ ಹಸಿದ ಸೈನಿಕರು ಆ ಮನೆಯಡಿಯ ಆಲೂಗಡ್ಡೆಯನ್ನು ತಿಂದದ್ದನ್ನು ಕ್ರಾಕೆಟ್ ಸ್ವತಃ ಬರೆದಿದ್ದಾನೆ. 1830ರಲ್ಲಿ ವಿರುದ್ಧ ಮತ ಹಾಕಿದವನೂ ಇವನೇ, ಅಂದು ಬಂದೂಕು ಹಿಡಿದು ಅಲ್ಲಿ ನಿಂತಿದ್ದವನೂ ಇವನೇ.

ತಂದೆ ಫೋನು ಮಾಡಿ, ಇದು 11 ವರ್ಷದ ಮಕ್ಕಳ ಗೋಡೆಗೆ ಬೇಡ ಎಂದರು. ಇನ್ನೊಬ್ಬ ತಾಯಿ, ಇದನ್ನು ಬಿಟ್ಟರೆ ನಾವೂ ಟೋಪಿಯನ್ನಷ್ಟೇ ಉಳಿಸಿಕೊಂಡಂತೆ ಎಂದರು. ಇಬ್ಬರ ಮಾತಿನಲ್ಲೂ ಸತ್ಯವಿತ್ತು. ಕೊನೆಗೆ ಆ ಸಂಗತಿಯನ್ನು ಹುಡುಗಿಯಿಂದಲೇ ನಾಲ್ಕು ಸಾಲಿನಲ್ಲಿ ಬರೆಸಿ, ಚೀಟಿಯನ್ನು ಮಡಿಸಿ, ಮೇಲೆ "14 ವರ್ಷ ತುಂಬಿದ ಮೇಲೆ ತೆರೆಯಿರಿ" ಎಂದು ಬರೆದು 1834ರ ಕೆಳಗೆ ಅಂಟಿಸಿದೆವು. ಸಾಹಸಿಯ ಹೊಗಳಿಕೆಯಲ್ಲಿ ಮುಚ್ಚಿಹೋಗುವ ವಿಷಯ ಅಲ್ಲಿದೆ ಎಂಬುದಾದರೂ ಎಲ್ಲ ಮಕ್ಕಳಿಗೂ ತಿಳಿದಿರಲಿ ಎಂಬುದು ನನ್ನ ಉದ್ದೇಶವಾಗಿತ್ತು. ಇದಕ್ಕಿಂತ ಒಳ್ಳೆಯ ದಾರಿ ಇದ್ದಿರಲೂಬಹುದು.

ನದಿಯ ಮೇಲೆ ಒಂದು ದಿನ

ನಡುವೆ ನಾಲ್ಕು ಕುಟುಂಬಗಳು ಒಟ್ಟಿಗೆ ಡಿಸ್ನಿಲ್ಯಾಂಡಿಗೆ ಹೊರಟವು, ನನ್ನನ್ನೂ ಕರೆದವು. ನಾನು ಉತ್ಸಾಹದಿಂದ ಪ್ರಶ್ನೆಗಳ ಹಾಳೆಯೊಂದನ್ನು ಸಿದ್ಧಪಡಿಸಿದ್ದೆ. ಹುಡುಗನ ತಾಯಿ ಅದನ್ನು ನೋಡಿ, "ಅಲ್ಲಿ ಪಾಠ ಬೇಡ ಮೇಡಂ, ಅವರ ಪಾಡಿಗೆ ಬಿಟ್ಟುಬಿಡಿ" ಎಂದರು. ಹಾಳೆಯನ್ನು ಕಾರಿನಲ್ಲೇ ಬಿಟ್ಟೆ. ಮಕ್ಕಳು ಹುಟ್ಟು ಹಾಕಿದರು, ಒಬ್ಬರ ಮೇಲೊಬ್ಬರು ನೀರೆರಚಿದರು, ದಡದ ಜನರಿಗೆ ಕೈ ಬೀಸಿದರು. ಹುಡುಗ ಆ ಬಿಸಿಲಿನಲ್ಲೂ ಟೋಪಿ ಹಾಕಿದ್ದ. ಐತಿಹ್ಯದ ಬಗ್ಗೆ ತಿಳಿದುಕೊಂಡವರಿಗೆ ಅದರ ಸಂತೋಷ ಕಳೆದುಹೋಗುತ್ತದೆ ಎಂಬ ಭಯ ನನಗಿತ್ತು. ಅದು ಆಧಾರವಿಲ್ಲದ ಭಯವೆಂದು ಅಂದು ತಿಳಿಯಿತು.

ಏನಾಯಿತು

ಹುಡುಗನ ಕೊನೆಯ ಬರಹ ಹೀಗೆ ಶುರುವಾಯಿತು: "ಡೇವಿಡ್ ಕ್ರಾಕೆಟ್ 1786ರಲ್ಲಿ ನದಿಯ ಹತ್ತಿರ ಹುಟ್ಟಿದರು. ಡೇವಿ ಕ್ರಾಕೆಟ್ 1831ರಲ್ಲಿ ನಾಟಕದಲ್ಲಿ ಹುಟ್ಟಿದರು." ಕ್ರಾಕೆಟ್ ತನ್ನ ಹೆಸರನ್ನು ಡೇವಿಡ್ ಎಂದೇ ಬರೆಯುತ್ತಿದ್ದ ಎಂಬುದನ್ನು ಗಮನಿಸಿ ಹುಡುಗ ಕಟ್ಟಿದ ವಾಕ್ಯಗಳಿವು. ಎರಡನೆಯದು ಅಕ್ಷರಶಃ ಸರಿಯಲ್ಲ. ತಿದ್ದಲು ಕೈ ಹೋಯಿತು, ತಿದ್ದಲಿಲ್ಲ. ಸಾವಿನ ಬಗ್ಗೆ ಅವನು ಎರಡು ಮಾತುಗಳನ್ನೂ ಬರೆದ: ಹೋರಾಡುತ್ತ ಬಿದ್ದನೆಂದು ಹೇಳುವವರಿದ್ದಾರೆ, ಸೆರೆ ಸಿಕ್ಕ ಮೇಲೆ ಕೊಂದರೆಂದು ಮೆಕ್ಸಿಕೋದ ಸೈನ್ಯಾಧಿಕಾರಿ ಹೊಸೆ ಎನ್ರಿಕೆ ದೆ ಲಾ ಪೆನ್ಯಾನ ಹೆಸರಿನ ನೆನಪುಗಳು ಹೇಳುತ್ತವೆ, ಅವುಗಳ ಸಾಚಾತನದ ಬಗ್ಗೆ ವಿದ್ವಾಂಸರಲ್ಲಿ ವಾದವಿದೆ. ಆ ನೆನಪುಗಳು ಸ್ಪ್ಯಾನಿಷ್‌ನಲ್ಲಿ ಮೊದಲು ಅಚ್ಚಾದದ್ದು 1955ರಲ್ಲಿ, ಉದ್ಯಾನ ತೆರೆದ ವರ್ಷದಲ್ಲೇ. ಆ ನೆನಪುಗಳ ಚೀಟಿಯೂ ಉದ್ಯಾನದ ಚೀಟಿಯೂ ಗೋಡೆಯ ಮೇಲೆ ಒಂದರ ಪಕ್ಕ ಒಂದು ಬಂದದ್ದನ್ನು ಮಕ್ಕಳು ಬಹಳ ಹೊತ್ತು ನೋಡಿದರು.

ಎಲ್ಲವೂ ಚೆನ್ನಾಗಿ ಆಯಿತೆಂದು ಹೇಳಲಾರೆ. ಎರಡು ವಾರಕ್ಕೆಂದುಕೊಂಡ ಪಾಠ ಐದು ವಾರ ಹಿಡಿಯಿತು. ಉಳಿದ ಮಕ್ಕಳ ವ್ಯಕ್ತಿಚಿತ್ರಗಳಿಗೆ ಸಿಗಬೇಕಾದ ಗಮನ ಸಿಗಲಿಲ್ಲ. ಕಿತ್ತೂರು ಚೆನ್ನಮ್ಮನ ಬಗ್ಗೆ ಬರೆದ ಮಗುವಿಗೆ ನಾನು ಸರಿಯಾಗಿ ಓದಿ ಹೇಳಲೂ ಆಗಲಿಲ್ಲ, ಆ ಬಾಕಿ ನನ್ನ ಮೇಲಿದೆ. ಇಬ್ಬರು ಮಕ್ಕಳು ಕೊನೆಯವರೆಗೂ ಕ್ರಾಕೆಟ್ ಕಥೆಯವನೇ ಎಂದರು. ವಿಷಯದ ಬೆನ್ನು ಹತ್ತಿದಾಗ ಮಕ್ಕಳ ಮಾತು ಇಂಗ್ಲಿಷಿಗೆ ಜಾರುತ್ತಿತ್ತು, ಕನ್ನಡ ಕಲಿಸುವುದೇ ಮೂಲ ಉದ್ದೇಶವಾಗಿದ್ದ ತರಗತಿಗೆ ಅದು ಸಣ್ಣ ನಷ್ಟವಲ್ಲ. ಆದರೆ "ಐತಿಹ್ಯ", "ಮಸೂದೆ", "ಮೂಲನಿವಾಸಿ", "ದಾಖಲೆ" ಎಂಬ ನಾಲ್ಕು ಪದಗಳು ಆ 11 ಮಕ್ಕಳ ಬಾಯಲ್ಲಿ ನಿಂತವು, ಬಾಯಿಪಾಠದಿಂದಲ್ಲ, ಬೇಕಾಗಿದ್ದರಿಂದ.

ಬೇರೆಯವರು ಇದನ್ನು ಮಾಡಿನೋಡುವುದಾದರೆ ಕಾಗದದ ಸುರುಳಿಗಿಂತ ಅದರ ನಿಯಮಕ್ಕೆ ಹೆಚ್ಚು ಗಮನ ಕೊಡಬೇಕು. "ಇದು ನಡೆಯಿತೇ?" ಎಂದು ಕೇಳಿದರೆ ಮಗು ಸೋಲುತ್ತದೆ ಅಥವಾ ಗೆಲ್ಲುತ್ತದೆ, "ಇದನ್ನು ಮೊದಲು ಹೇಳಿದವರು ಯಾರು, ಯಾವಾಗ?" ಎಂದು ಕೇಳಿದರೆ ಹುಡುಕಲು ಹೋಗುತ್ತದೆ. ಹಾಗೆಯೇ, ಐತಿಹ್ಯದಲ್ಲಿ ಇರುವುದರ ತಪ್ಪು ಹುಡುಕುವ ಮೊದಲು ಅದರಲ್ಲಿ ಇಲ್ಲದ್ದನ್ನು ಹುಡುಕಬೇಕು. ಕರಡಿಯ ಸುಳ್ಳಿನಿಂದ ಯಾರಿಗೂ ಕೇಡಾಗಿರಲಿಲ್ಲ, ವೋಟಿನ ಮರೆವಿನಿಂದ ಆಗಿತ್ತು. ನನ್ನ ಮೊದಲ ಹಾಳೆ ಕರಡಿಗಳ ಹಿಂದೆಯೇ ಓಡಿತ್ತು.

ಅಜ್ಜಿ ಊರಿಗೆ ಹೊರಡುವ ಮುನ್ನ ಒಂದು ದಿನ ತರಗತಿಗೆ ಬಂದು ಹಲಗಲಿಯ ಲಾವಣಿಯಲ್ಲಿ ತಮಗೆ ನೆನಪಿದ್ದಷ್ಟನ್ನು ಹಾಡಿದರು. ಮಕ್ಕಳು ಕೇಳಿದ ಮೊದಲ ಪ್ರಶ್ನೆ, "ಇದನ್ನ ಯಾರು ಹಾಡಿದ್ರು ಅಜ್ಜಿ, ಯಾವಾಗ?"

ಕಾಗದದ ಸುರುಳಿ ಈಗ ನಮ್ಮ ಮನೆಯ ಅಟ್ಟದಲ್ಲಿದೆ. ಮಡಿಸಿದ ಚೀಟಿಯನ್ನು ಇನ್ನೂ ಯಾರೂ ತೆರೆದಿಲ್ಲ. ಅದನ್ನು ಬರೆದ ಹುಡುಗಿಗೆ ಈ ವರ್ಷ 14 ತುಂಬುತ್ತದೆ.